ಹೊಸ ರಾಜ್ಯ, ಹಳೆಯ ರೂಢಿ

ಊರು ಬಿಟ್ಟು ಊರು ಸೇರಿದವನಿಗೆ ಹೊಸ ಸೀಮೆಯ ರೀತಿನೀತಿಗಳು ಕೆಲಕಾಲ ಇರಿಸುಮುರಿಸಾಗಿ ತೋರುವುದು ಲೋಕಸಾಮಾನ್ಯವಾದ ಸಂಗತಿ. ನೀರು ಒಗ್ಗದು, ಅಂಗಡಿಯ ಮಾತು ತಿಳಿಯದು, ಕಚೇರಿಯಲ್ಲಿ ಯಾರನ್ನು ಕಾಣಬೇಕೆಂಬುದು ಗೊತ್ತಾಗದು. ಆದರೆ ಮನೆಯ ಹೊಸ್ತಿಲನ್ನು ದಾಟದೆ, ಹೊಲದ ಬದುವನ್ನು ಬಿಟ್ಟು ಕದಲದೆ, ಲಕ್ಷಾಂತರ ಜನರು ಒಂದೇ ರಾತ್ರಿಯಲ್ಲಿ ಹೊಸ ರಾಜ್ಯವನ್ನು ಸೇರಿದರೆಂಬುದು ಚರಿತ್ರೆಯಲ್ಲಿ ಅಪರೂಪವಾದ ಸಂಗತಿ. 1956ನೆಯ ಇಸವಿಯ ನವೆಂಬರ್ 1ನೆಯ ತಾರೀಖು ಕನ್ನಡಿಗರ ಪಾಲಿಗೆ ಆದುದು ಇದೇ. ಹಿಂದಿನ ರಾತ್ರಿ ಮುಂಬಯಿ ರಾಜ್ಯದವನಾಗಿ ಮಲಗಿದ ಧಾರವಾಡದವನು, ಹೈದರಾಬಾದಿನವನಾಗಿ ಮಲಗಿದ ಕಲಬುರ್ಗಿಯವನು, ಮದರಾಸಿನವನಾಗಿ ಮಲಗಿದ ಮಂಗಳೂರಿನವನು, ತನ್ನದೇ ಪುಟ್ಟ ರಾಜ್ಯದಲ್ಲಿ ಮಲಗಿದ ಮಡಿಕೇರಿಯವನು, ಇವರೆಲ್ಲರೂ ಬೆಳಗಾಗುವಷ್ಟರಲ್ಲಿ ಮೈಸೂರು ರಾಜ್ಯದವರಾಗಿದ್ದರು. ಬಳ್ಳಾರಿಯ ಏಳು ತಾಲ್ಲೂಕುಗಳವರು ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಇದೇ ಬಾಗಿಲಿನಿಂದ ಒಳಗೆ ಬಂದಿದ್ದರು.

ಈ ಸುದಿನಕ್ಕಾಗಿ ಕನ್ನಡಿಗರು ಪಟ್ಟ ಪಾಡು ಸರ್ವವಿದಿತವಾಗಿದೆ. 1890ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನ ಸಾಹಿತ್ಯ ಪರಿಷತ್ತು, 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’, 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ, ಹೀಗೆ ಒಂದೊಂದು ಮೆಟ್ಟಿಲನ್ನೂ ವಾಚಕರು ಬಲ್ಲರು. ಆದರೆ ತಳಿರು ತೋರಣಗಳು ಬಾಡಿದ ಮೇಲೆ, ಮರುದಿನದ ಸಂತೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ ಈ ಜನರು ಒಬ್ಬರಿಗೊಬ್ಬರು ಹೇಗೆ ಹೊಂದಿಕೊಂಡರೆಂಬುದನ್ನು ವಿಚಾರಿಸಿದವರು ಕಡಿಮೆ. ಅದನ್ನು ಈಗ ವಿಚಾರಿಸುವುದು ನಿಷ್ಪ್ರಯೋಜಕವಲ್ಲವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಮೈಸೂರಿನ ಅಧಿಕಾರಿಗೆ ಬೀದರಿಗೆ ವರ್ಗವಾಗುವುದೂ, ಬಾಗಲಕೋಟೆಯ ತರುಣನು ಉದ್ಯೋಗಕ್ಕಾಗಿ ಬೆಂಗಳೂರಿಗೆ ಬರುವುದೂ ಇಂದಿಗೂ ನಿಂತಿಲ್ಲ.

ಮೊದಲು ಕಾನೂನಿನ ಮಾತು. ಭೂಪಟವು ಒಂದು ರಾತ್ರಿಯಲ್ಲಿ ಬದಲಾಯಿತು, ಕಾಯಿದೆಗಳು ಬದಲಾಗಲಿಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 119ನೆಯ ಕಲಮು, ಆಯಾ ಪ್ರದೇಶದಲ್ಲಿ ಅದುವರೆಗೆ ಜಾರಿಯಲ್ಲಿದ್ದ ಕಾನೂನುಗಳೇ ಬೇರೆ ವ್ಯವಸ್ಥೆಯಾಗುವವರೆಗೆ ಮುಂದುವರಿಯತಕ್ಕದ್ದೆಂದು ವಿಧಿಸಿತ್ತು. ವಿವೇಕದ ವಿಧಿಯೇ ಅದು. ಆದರೆ ಅದರ ಪರಿಣಾಮವಾಗಿ 19 ಜಿಲ್ಲೆಗಳ ಒಂದು ರಾಜ್ಯದಲ್ಲಿ ಐದು ರಾಜ್ಯಗಳ ಕಾನೂನುಗಳು ಏಕಕಾಲದಲ್ಲಿ ನಡೆಯತೊಡಗಿದವು. ಜಮೀನಿನ ಕಂದಾಯಕ್ಕೆ ಧಾರವಾಡದಲ್ಲಿ ಮುಂಬಯಿಯ 1879ರ ಕಾಯಿದೆ, ತುಮಕೂರಿನಲ್ಲಿ ಮೈಸೂರಿನ 1888ರ ಕಾಯಿದೆ, ಕೊಡಗಿನಲ್ಲಿ 1899ರ ರೆಗ್ಯುಲೇಷನ್, ಕಲಬುರ್ಗಿಯಲ್ಲಿ ಹೈದರಾಬಾದಿನ 1317ರ ಕಾಯಿದೆ. ಈ ಕೊನೆಯ ಸಂಖ್ಯೆಯನ್ನು ಕಂಡು ವಾಚಕರು ಬೆಚ್ಚಬೇಕಾಗಿಲ್ಲ. ಅದು ವಿಜಯನಗರಕ್ಕಿಂತ ಹಳೆಯ ಕಾನೂನಲ್ಲ. ನಿಜಾಮರ ಕಚೇರಿಗಳು ನಡೆಸುತ್ತಿದ್ದ ಫಸಲಿ ಲೆಕ್ಕದ ವರ್ಷ. ಆ ಲೆಕ್ಕಕ್ಕೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ದೊರೆಯುವುದು. ಆ ಕಾಯಿದೆ 1907ರದು. ಫಸಲಿಯನ್ನರಿಯದ ಗುಮಾಸ್ತನ ಮುಂದೆ ರೈತನೊಬ್ಬನು ತನ್ನ ತಂದೆಯ ಕಾಲದ ದಸ್ತಾವೇಜನ್ನು ಹಿಡಿದು ನಿಂತಾಗ, ಆ ಕಾಗದದ ತಾರೀಖು ಆರು ಶತಮಾನ ಹಿಂದಿನದಾಗಿ ತೋರಿದರೆ ಆಶ್ಚರ್ಯವೇನು? ನಗುವ ಸಂಗತಿಯೆಂದು ಯಾರಾದರೂ ಹೇಳಬಹುದು. ಆದರೆ ಆ ಕಾಗದದ ಮೇಲೆ ನಿಂತಿದ್ದುದು ರೈತನ ಹೊಲ.

ಅಧಿಕಾರಿಗಳ ಹೆಸರುಗಳೂ ಹೀಗೆಯೇ. ತಾಲ್ಲೂಕಿನ ಮುಖ್ಯಸ್ಥನು ಹಳೆಯ ಮೈಸೂರಿನವರಿಗೆ ಅಮಲ್ದಾರ, ಧಾರವಾಡದವರಿಗೆ ಮಾಮಲೇದಾರ, ಮಂಗಳೂರು, ರಾಯಚೂರುಗಳವರಿಗೆ ತಹಶೀಲ್ದಾರ, ಕೊಡಗಿನವರಿಗೆ ಸುಬೇದಾರ. ಹಳ್ಳಿಯ ಲೆಕ್ಕ ಬರೆಯುವವನು ಒಂದು ಕಡೆ ಶಾನುಭೋಗ, ಇನ್ನೊಂದು ಕಡೆ ಕುಲಕರ್ಣಿ ಅಥವಾ ತಲಾಟಿ, ಮತ್ತೊಂದು ಕಡೆ ಪಟವಾರಿ. ಜಿಲ್ಲೆಯ ಮುಖ್ಯಸ್ಥನನ್ನು ಕಲೆಕ್ಟರ್ ಸಾಹೇಬರೆಂದು ಕರೆದು ರೂಢಿಯಿದ್ದವರು ಡೆಪ್ಯುಟಿ ಕಮಿಷನರೆಂಬ ಹೆಸರನ್ನು ಕೇಳಿ, ಇವರ ಮೇಲೆ ಇನ್ನೊಬ್ಬ ದೊಡ್ಡ ಸಾಹೇಬರಿರಬೇಕೆಂದು ಭಾವಿಸಿದರೆ ಅದು ಅವರ ತಪ್ಪಲ್ಲ. ಜಮೀನಿನ ಹಕ್ಕನ್ನು ತೋರಿಸುವ ಕಾಗದವು ಧಾರವಾಡದ ರೈತನ ಬಾಯಲ್ಲಿ ಉತಾರ, ಕಲಬುರ್ಗಿಯವನ ಬಾಯಲ್ಲಿ ಪಹಣಿ, ಮಂಗಳೂರಿನವನ ಬಾಯಲ್ಲಿ ಅಡಂಗಲ್. ಮೂವರೂ ಕೇಳುತ್ತಿದ್ದುದು ಸರಿಸುಮಾರು ಒಂದನ್ನೇ. ಆದರೆ ಹೆಸರು ತಪ್ಪಿದರೆ ಕಾಗದ ಸಿಕ್ಕದು.

ಈ ಪರಭಾಷಾ ಪದಗಳನ್ನು ಕೇಳಿ ಹಳೆಯ ಮೈಸೂರಿನ ಕೆಲವರು ಮೂಗು ಮುರಿದುದುಂಟು: ಉತ್ತರದವರ ಕಚೇರಿ ಕನ್ನಡವೆಲ್ಲ ಮರಾಠಿ ಮತ್ತು ಉರ್ದುವಿನಿಂದ ತುಂಬಿದೆ ಎಂದು. ಆದರೆ ಅಮಲ್ದಾರ, ಶಿರಸ್ತೇದಾರ, ಜಮಾಬಂದಿ, ಹುಕುಂ, ಇವು ಯಾವ ಅಚ್ಚಗನ್ನಡದ ಪದಗಳು? ಐದು ಕಡೆಯ ಕಚೇರಿಗಳೂ ಪಾರಸಿಯ ಒಂದೇ ಬಾವಿಯಿಂದ ನೀರು ಸೇದಿದುವಲ್ಲವೆ? ನೆರೆಯವನ ಕೊಡವನ್ನು ಕಂಡು ನಗುವ ಮುಂಚೆ ನಮ್ಮ ಕೊಡದ ಮೇಲೂ ಅದೇ ಮುದ್ರೆಯಿದೆಯೇ ಎಂದು ನೋಡಿಕೊಳ್ಳುವುದು ಮೇಲು.

ಅಳತೆ ತೂಕಗಳ ತೊಡಕು ಇನ್ನೂ ದೊಡ್ಡದು. ಹೆಸರು ಒಂದೇ, ಮೊತ್ತ ಬೇರೆ, ಇದು ಎಲ್ಲ ಮೋಸಗಳಿಗೂ ಅನುಕೂಲವಾದ ಸ್ಥಿತಿ. 24 ತೊಲೆಯ ಕಚ್ಚಾ ಸೇರೂ ಸೇರೇ, 80 ತೊಲೆಯ ಪಕ್ಕಾ ಸೇರೂ ಸೇರೇ. ಮಣವೆಂದರೆ ಕೆಲವೆಡೆ 25 ಪೌಂಡು, ಕೆಲವೆಡೆ 28 ಪೌಂಡು, ಇನ್ನು ಕೆಲವೆಡೆ 82 ಪೌಂಡು. ಧಾನ್ಯವನ್ನು ಮೈಸೂರಿನವರು ಕೊಳಗ ಖಂಡುಗಗಳಲ್ಲಿ ಅಳೆದರೆ ಕರಾವಳಿಯವರು ಅಕ್ಕಿಯನ್ನು ಮುಡಿ ಕಟ್ಟಿ ಎಣಿಸುತ್ತಿದ್ದರು. ನಿಜಾಮರ ಸೀಮೆಯಲ್ಲಿ ಹಾಲಿ ಸಿಕ್ಕಾ ನಡೆಯುತ್ತಿದ್ದ ಕಾಲವನ್ನು ಕಂಡ ಹಿರಿಯರು, ಅಲ್ಲಿಯ 7 ರೂಪಾಯಿಗೆ ಬ್ರಿಟಿಷ್ ನಾಣ್ಯದ 6 ರೂಪಾಯಿಯೆಂಬ ಲೆಕ್ಕವನ್ನು ಬಹುಕಾಲ ಮರೆತಿರಲಿಲ್ಲ. ಈ ಗೊಂದಲದ ನಡುವೆಯೇ 1957ರ ಏಪ್ರಿಲ್ 1ರಂದು ದೇಶಕ್ಕೆಲ್ಲ ನಯಾ ಪೈಸೆ ಬಂದಿತು. 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಆರೂಕಾಲು ಹೊಸ ಪೈಸೆ. ಕಾಲು ಪೈಸೆಯ ನಾಣ್ಯವಂತೂ ಇಲ್ಲ. ಆ ಕಾಲು ಪೈಸೆ ಅಂಗಡಿಯವನದೋ ಗಿರಾಕಿಯದೋ ಎಂಬ ವ್ಯಾಜ್ಯಕ್ಕೆ ಯಾವ ನ್ಯಾಯಾಲಯವೂ ಸಾಲದು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಮೆಲ್ಲಮೆಲ್ಲಗೆ ಸೇರು ಮಣಗಳನ್ನು ಸಂತೆಯಿಂದ ಹೊರಡಿಸಿತು.

ಈ ವಿಷಯಗಳಲ್ಲಿ ಏಕರೂಪತೆಯೇ ನ್ಯಾಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ತಕ್ಕಡಿ ಒಂದಾಗಬೇಕು, ಕಾನೂನು ಒಂದಾಗಬೇಕು, ಹಕ್ಕುಪತ್ರ ಒಂದಾಗಬೇಕು. ಇವು ಬೇರೆಬೇರೆಯಾಗಿದ್ದಷ್ಟು ಕಾಲ ತಿಳಿದವನು ತಿಳಿಯದವನನ್ನು ಸುಲಿಯುವನು. ಆದುದರಿಂದಲೇ 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದುದೂ, 1963ರಲ್ಲಿ ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಶಾಸನ ಮಾಡಿದುದೂ, 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯಿದೆಯನ್ನು ತಂದುದೂ ಏಕೀಕರಣದ ಉಳಿದರ್ಧ ಕೆಲಸವೆಂದು ನಾವು ಎಣಿಸುತ್ತೇವೆ. 2000ದ ಇಸವಿಯ ಹೊತ್ತಿಗೆ ‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಹೀಗಿದ್ದರೂ ಧಾರವಾಡದ ರೈತನು ಇಂದಿಗೂ ಉತಾರವನ್ನೇ ಕೇಳುತ್ತಾನೆ; ಮಂಗಳೂರಿನವನು ಜಾಗವನ್ನು ಸೆಂಟ್ಸಿನಲ್ಲಿಯೂ, ಮಂಡ್ಯದವನು ಗುಂಟೆಯಲ್ಲಿಯೂ ಹೇಳುತ್ತಾನೆ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಯಾರಿಗೂ ನಷ್ಟವಿಲ್ಲ.

ಆದರೆ ಇನ್ನೊಂದು ಬಗೆಯ ಭೇದಗಳುಂಟು. ಅವನ್ನು ಒಂದು ಮಾಡಹೊರಡುವುದು ಅವಿವೇಕವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೊದಲು ಮಾತನ್ನೇ ತೆಗೆದುಕೊಳ್ಳೋಣ. ಮೈಗೆ ಸ್ವಸ್ಥವಿಲ್ಲದಾಗ ಮೈಸೂರಿನವನು ‘ಹುಷಾರಿಲ್ಲ’ ಎನ್ನುವನು, ಧಾರವಾಡದವನು ‘ಆರಾಮಿಲ್ಲ’ ಎನ್ನುವನು, ಮಂಗಳೂರಿನವನು ‘ಸೌಖ್ಯವಿಲ್ಲ’ ಎನ್ನುವನು. ಉತ್ತರದಲ್ಲಿ ಹುಷಾರೆಂದರೆ ಬುದ್ಧಿವಂತ. ಆದುದರಿಂದ ತನಗೆ ಹುಷಾರಿಲ್ಲವೆಂದು ರಜೆ ಕೇಳಿದ ಮೈಸೂರಿನ ಗುಮಾಸ್ತನು ಹುಬ್ಬಳ್ಳಿಯ ಮೇಲಧಿಕಾರಿಯ ಮುಂದೆ ತನ್ನ ದಡ್ಡತನವನ್ನು ತಾನೇ ಒಪ್ಪಿಕೊಂಡಂತಾಗುವುದು. ಆರಾಮಿಲ್ಲವೆಂದು ಬರೆದ ಹುಬ್ಬಳ್ಳಿಯವನು ಮೈಸೂರಿನ ಅಧಿಕಾರಿಗೆ ವಿಶ್ರಾಂತಿ ಸಾಲದೆಂದು ದೂರುವ ಸೋಮಾರಿಯಾಗಿ ತೋರುವನು. ಜ್ವರ ಮಾತ್ರ ಇಬ್ಬರಿಗೂ ಒಂದೇ! ಬಟ್ಟೆಯನ್ನು ಒಗೆಯೆಂದರೆ ದಕ್ಷಿಣದಲ್ಲಿ ತೊಳೆಯುವುದೆಂದೇ ಅರ್ಥ; ಉತ್ತರದಲ್ಲಿ ‘ಒಗಿ’ ಎಂದರೆ ಎಸೆಯೆಂದೂ ಆಗುವುದು. ‘ಅಡ್ಡಿಯಿಲ್ಲ’ ಎಂಬುದು ಒಂದು ಕಡೆ ಅನುಮತಿ, ಇನ್ನೊಂದು ಕಡೆ ಮೆಚ್ಚುಗೆ. ಸಂತೆಯಲ್ಲಿ ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿಗಳು ಒಂದೇ ಗಡ್ಡೆ. ಕಡಲೆಕಾಯಿ, ಶೇಂಗಾ, ನೆಲಗಡಲೆಗಳು ಒಂದೇ ಕಾಯಿ. ಹುಗ್ಗಿಯೆಂದು ಆಮಂತ್ರಿಸಿದಾಗ ಮೈಸೂರಿನವನು ಅಕ್ಕಿ ಬೇಳೆ ಮೆಣಸುಗಳನ್ನು ನೆನೆಯುವನು. ಧಾರವಾಡದ ಎಲೆಯ ಮೇಲೆ ಬೀಳುವುದು ಬೆಲ್ಲ ಬೆರೆತ ಗೋಧಿಯ ಹುಗ್ಗಿ. ಮಂಗಳೂರಿಗೆ ಹೋದವನು ಕಚೇರಿಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ತುಳು ಕೊಂಕಣಿಗಳನ್ನೂ ಕೇಳುವನು. ಕಲಬುರ್ಗಿಗೆ ಹೋದವನಿಗೆ ದಖನಿ ಉರ್ದು, ಬಳ್ಳಾರಿಗೆ ಹೋದವನಿಗೆ ತೆಲುಗು, ಮಡಿಕೇರಿಗೆ ಹೋದವನಿಗೆ ಕೊಡವ ನುಡಿ ಎದುರಾಗುವುದು. ಇವು ಯಾವುವೂ ಕನ್ನಡಕ್ಕೆ ಕುಂದಲ್ಲ.

ಹೆಸರಿನ ಕ್ರಮವನ್ನು ನೋಡಿರಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬುದರಲ್ಲಿ ಮೊದಲು ತನ್ನ ಹೆಸರು, ಆಮೇಲೆ ತಂದೆಯದು, ಕೊನೆಗೆ ಮನೆತನದ್ದು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಕೋಟ ಶಿವರಾಮ ಕಾರಂತ ಎಂಬುದರಲ್ಲಿ ಊರು, ತಾನು, ಕುಲನಾಮ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬುದರಲ್ಲಿ ಮನೆತನ, ತಂದೆ, ತಾನು. ಈ ನಾಲ್ವರೂ ನಾಡಿಗೆ ಕೀರ್ತಿ ತಂದವರು. ನಾಲ್ವರ ಹೆಸರುಗಳನ್ನೂ ಒಂದೇ ಬಗೆಯ ಅರ್ಜಿ ನಮೂನೆಯೊಳಗೆ ತುಂಬಹೊರಟ ಗುಮಾಸ್ತನು ಕನಿಷ್ಠ ಇಬ್ಬರ ಹೆಸರನ್ನಾದರೂ ಕೆಡಿಸದೆ ಬಿಡನು. ‘ನಿಮ್ಮ ಇನಿಷಿಯಲ್ ಏನು?’ ಎಂಬ ಪ್ರಶ್ನೆಗೆ ಬೆಳಗಾವಿಯ ಪಾಟೀಲನೊಬ್ಬನು ತಬ್ಬಿಬ್ಬಾದರೆ ಅದು ಅಜ್ಞಾನವಲ್ಲ, ಬೇರೆ ರೂಢಿ. ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಿಂಚಣಿಯ ಕಾಗದದಲ್ಲಿ ಇನ್ನೊಂದು ಬಗೆ ಬರೆಯಲ್ಪಟ್ಟ ಹೆಸರಿಗಾಗಿ ಮುದುಕರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುವುದೂ ಈ ಅಲಕ್ಷ್ಯದಿಂದಲೇ.

ಹಬ್ಬಗಳ ಪಂಚಾಂಗ ಬೇರೆ ಉಂಟು. ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಬ್ಬ ಉತ್ತರದಲ್ಲಿ ನಾಗರಪಂಚಮಿ. ಜೋಕಾಲಿ ಮತ್ತು ಉಂಡಿಗಳಿಲ್ಲದೆ ಅದು ಸಾಗದು. ದಕ್ಷಿಣದಲ್ಲಿ ತವರಿನ ನೆನಪು ಬರುವುದು ಗೌರಿಯ ಬಾಗಿನದೊಡನೆ. ಎಳ್ಳಮಾವಾಸ್ಯೆಯ ದಿನ ಕಲಬುರ್ಗಿ, ಬೀದರಗಳ ರೈತನು ಬಂಧುಬಾಂಧವರೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಅಲ್ಲಿಯೇ ಊಟ ಮಾಡುವನು. ಊರಿನಲ್ಲಿ ನೀರು ಕೇಳಿದರೆ ಕೊಡುವವರು ಸಿಗರು. ಕೊಡಗಿನಲ್ಲಿ ಪುತ್ತರಿ, ತುಳುನಾಡಿನಲ್ಲಿ ಬಿಸು. ಇವನ್ನರಿಯದ ಹೊಸ ಅಧಿಕಾರಿಯು ಅಂದೇ ತನಿಖೆಯನ್ನಿಟ್ಟು, ಜನರು ಬಾರದಿದ್ದರೆ ‘ಇಲ್ಲಿಯವರಿಗೆ ಶಿಸ್ತಿಲ್ಲ’ವೆಂದು ಷರಾ ಬರೆದನೆನ್ನಿರಿ, ಶಿಸ್ತು ತಪ್ಪಿದವರು ಯಾರು?

ಇಲ್ಲಿ ನಾವು ಮುಖ್ಯವಾದ ಮಾತಿಗೆ ಬರುತ್ತೇವೆ. ಹೊಸ ರಾಜ್ಯದ ಸಣ್ಣಪುಟ್ಟ ವೈಚಿತ್ರ್ಯಗಳಿಗೆ ಹೊಂದಿಕೊಳ್ಳಬೇಕೆಂದು ಎಲ್ಲರೂ ಉಪದೇಶಿಸುವರು. ಆದರೆ ಯಾರು ಯಾರಿಗೆ ಮೊದಲು ಹೊಂದಿಕೊಳ್ಳಬೇಕು? ಅಧಿಕಾರವಿದ್ದವನು ಅಧಿಕಾರವಿಲ್ಲದವನಿಗೆ ಮೊದಲು ಹೊಂದಿಕೊಳ್ಳತಕ್ಕದ್ದು. ಇದೇ ನಮ್ಮ ಉತ್ತರ. ಸಂತೆಯ ಮಾತು ತಿಳಿಯದಿದ್ದರೆ ಅಧಿಕಾರಿಗೆ ಆಗುವ ನಷ್ಟ ಒಂದು ಹೊತ್ತಿನ ಪಲ್ಯ. ರೈತನ ಮಾತು ಅಧಿಕಾರಿಗೆ ತಿಳಿಯದಿದ್ದರೆ ರೈತನಿಗೆ ಆಗುವ ನಷ್ಟ ಒಂದು ವರ್ಷದ ಬೆಳೆ, ಇಲ್ಲವೆ ಒಂದು ತಲೆಮಾರಿನ ಜಮೀನು. ಭಾರ ಇಷ್ಟು ಅಸಮವಾಗಿರುವಾಗ ಹೊಣೆಯೂ ಸಮನಾಗಿ ಹಂಚಲ್ಪಡಬೇಕೆಂಬುದು ನ್ಯಾಯವಾಗದು.

ಪರಸ್ಪರ ದೂಷಣೆಯ ಮಾತೂ ಉಂಟು. ಉತ್ತರದವರ ಮಾತು ಗಡಸೆಂದು ದಕ್ಷಿಣದವರು, ದಕ್ಷಿಣದವರ ವಿನಯ ಬರಿಯ ತುಟಿಯ ಮೇಲಿನದೆಂದು ಉತ್ತರದವರು ಆಡಿಕೊಳ್ಳುವುದನ್ನು ಕೇಳದ ವಾಚಕರಿರಲಾರರು. ‘ರೀ’ ಎಂಬ ಒಂದು ಅಕ್ಷರವನ್ನೇ ನೋಡಿರಿ. ಹುಬ್ಬಳ್ಳಿಯವನು ಪ್ರತಿ ಮಾತಿನ ಕೊನೆಗೂ ಅದನ್ನು ಹಚ್ಚುವುದು ಗೌರವಕ್ಕಾಗಿ. ಬೆಂಗಳೂರಿನ ಬೀದಿಯಲ್ಲಿ ‘ಏನ್ರೀ’ ಎಂಬುದು ಅನೇಕ ವೇಳೆ ಜಗಳದ ಮೊದಲ ಮಾತು. ಕಿವಿಗೆ ಬಿದ್ದುದರಿಂದ ಮನಸ್ಸನ್ನು ಅಳೆಯಹೊರಟವನು ಇಬ್ಬರಿಗೂ ಅನ್ಯಾಯ ಮಾಡುವನು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ರೂಢಿಯ ಭೇದ ಬೇರೆ, ಅನ್ಯಾಯ ಬೇರೆ. ಶಾಲೆಯಿಲ್ಲದ ಹಳ್ಳಿಗೂ ನೀರಿಲ್ಲದ ತಾಲ್ಲೂಕಿಗೂ ‘ಹೊಂದಿಕೊಳ್ಳಿರಿ’ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. 2002ರಲ್ಲಿ ಡಾಕ್ಟರ್ ನಂಜುಂಡಪ್ಪನವರ ಸಮಿತಿಯು ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ವರದಿ ಮಾಡಿತು. ಬೀದರದ ಕಕ್ಷಿಗಾರನು ಉಚ್ಚ ನ್ಯಾಯಾಲಯವನ್ನು ಕಾಣಲು ನಾಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪ್ರಯಾಣ ಮಾಡಬೇಕಾಗಿದ್ದ ಕಷ್ಟವು 2008ರಲ್ಲಿ ಧಾರವಾಡ ಮತ್ತು ಕಲಬುರ್ಗಿಗಳಲ್ಲಿ ಪೀಠಗಳಾಗುವವರೆಗೆ, ಎಂದರೆ ಏಕೀಕರಣದ ತರುವಾಯ 52 ವರ್ಷಗಳವರೆಗೆ, ಪರಿಹಾರವಾಗಲಿಲ್ಲ. ಹೈದರಾಬಾದ ಕರ್ನಾಟಕಕ್ಕೆ ವಿದ್ಯೆ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವೀಯುವ 371ಜೆ ವಿಧಿಯು ಸಂವಿಧಾನಕ್ಕೆ ಸೇರಿದುದು 2012ರ 98ನೆಯ ತಿದ್ದುಪಡಿಯಿಂದ. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದುದು ಎಲ್ಲರ ಮನಸ್ಸಿಗೂ ಸಮಾಧಾನ ತಂದಿತು. ಆದರೆ ಹೆಸರಿನಿಂದ ಹೊಟ್ಟೆ ತುಂಬದು. ಕುಂದುಕೊರತೆಯನ್ನು ‘ಅವರ ಸ್ವಭಾವವೇ ಹಾಗೆ’ ಎಂದು ತಳ್ಳಿಹಾಕುವ ಅಧಿಕಾರಿಯು ರೂಢಿಯ ಹೆಸರಿನಲ್ಲಿ ತನ್ನ ಆಲಸ್ಯವನ್ನು ಮುಚ್ಚಿಕೊಳ್ಳುವನು.

ಇದುವರೆಗೆ ಹೇಳಿದುದು ಕನ್ನಡಿಗರೊಳಗಿನ ಮಾತಾಯಿತು. ಈಗ ಬೇರೆ ರಾಜ್ಯಗಳಿಂದ ಬಂದು ನಮ್ಮಲ್ಲಿ ನೆಲಸುವವರೂ ಬಹಳವಾಗಿದ್ದಾರೆ. ಅವರಿಗೂ ಈ ನಿಯಮವನ್ನೇ ಅನ್ವಯಿಸಬಹುದು. ಮನೆಯ ಅಡಿಗೆ, ಹಬ್ಬ, ಮಾತು ಅವರವರದು. ಅದಕ್ಕೆ ಯಾರೂ ಕೈಹಾಕತಕ್ಕದ್ದಲ್ಲ. ಆದರೆ ಬೀದಿಯ, ಅಂಗಡಿಯ, ಕಚೇರಿಯ ಭಾಷೆ ನಾಡಿನದು. ಅದನ್ನು ಕಲಿಯುವುದು ಬಂದವರ ಕರ್ತವ್ಯ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಬೇರೆ ರಾಜ್ಯದಿಂದ ತಂದ ಗಾಡಿಯನ್ನು 12 ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಅದಕ್ಕೆ ಇಲ್ಲಿಯ ನೋಂದಣಿಯ ಗುರುತು ಬೇಕು. ಗಾಡಿಗೆ ಒಂದು ವರ್ಷದ ಅವಧಿ ಕೊಡುವ ನಾವು ಮನುಷ್ಯನಿಗೂ ಅಷ್ಟು ತಾಳ್ಮೆಯನ್ನು ತೋರಬೇಕು. ವರ್ಷ ಕಳೆದ ಮೇಲೆ ನಾಲ್ಕು ಮಾತು ಕನ್ನಡವನ್ನು ಅವನಿಂದ ನಿರೀಕ್ಷಿಸುವುದೂ ತಪ್ಪಲ್ಲ. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಬೇರೆ ರಾಜ್ಯದ ಕಚೇರಿಗಳ ಮುಂದೆ ನಿಲ್ಲುವ ಕನ್ನಡಿಗರಿಗೆ ಯಾವ ಮರ್ಯಾದೆಯನ್ನು ನಾವು ಬಯಸುವೆವೋ ಆ ಮರ್ಯಾದೆಯನ್ನು ನಮ್ಮಲ್ಲಿಗೆ ಬಂದವರಿಗೂ ಸಲ್ಲಿಸಿದರೆ ನಮ್ಮ ಬೇಡಿಕೆಗೆ ಬಲ ಬರುವುದು.

ಸರ್ಕಾರದ ಸೇವೆಯಲ್ಲಿರುವ ಮಹಾಶಯರಿಗೆ ನಮ್ಮ ಬಿನ್ನಹ ಇಷ್ಟೇ. ಹೊಸ ಜಿಲ್ಲೆಗೆ ವರ್ಗವಾದಾಗ ಕೋಶವನ್ನೊಯ್ಯುವಂತೆ ಒಂದು ಬರಿಯ ಪುಸ್ತಕವನ್ನೂ ಒಯ್ಯಿರಿ. ಮೊದಲ ಮೂರು ತಿಂಗಳು ಅಲ್ಲಿಯ ಮಾತನ್ನು ತಿದ್ದದೆ ಬರೆದುಕೊಳ್ಳಿರಿ: ಬೆಳೆಯ ಹೆಸರು, ಅಳತೆಯ ಹೆಸರು, ಕಾಯಿಲೆಯ ಹೆಸರು, ಹಬ್ಬದ ದಿನ. ಅರ್ಜಿಯ ನಮೂನೆಗೆ ಹೊಂದದ ಹೆಸರು ಬಂದರೆ ನಮೂನೆಯನ್ನು ತಿದ್ದಲು ಮೇಲಿನವರಿಗೆ ಬರೆಯಿರಿ, ಹೆಸರನ್ನು ತಿದ್ದಬೇಡಿರಿ. ಎದುರಿಗೆ ನಿಂತವನ ಕನ್ನಡ ನಿಮ್ಮ ಮನೆಯ ಕನ್ನಡವಲ್ಲದಿದ್ದರೆ, ಅದು ಇನ್ನೊಂದು ಮನೆಯ ಕನ್ನಡವೆಂದು ತಿಳಿಯಿರಿ. ತಕ್ಕಡಿಯು ಎಲ್ಲರಿಗೂ ಒಂದಾಗಿರಲಿ. ಅದರಲ್ಲಿ ತೂಗುವುದನ್ನು ಒಬ್ಬನು ಈರುಳ್ಳಿಯೆನ್ನಲಿ, ಇನ್ನೊಬ್ಬನು ಉಳ್ಳಾಗಡ್ಡಿಯೆನ್ನಲಿ.